ನಾನು ಹೆಣವಾಗಿ ಕೂತ ಮೆರವಣಿಗೆ

ಹೋದ ತಿಂಗಳು ನನ್ನ ಎಡಗಿವಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಡಾಕ್ಟರು ಕಿವಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಔಷಧದ ಹನಿ ಹಾಕಿ, ಮೇಲೊಂದು ಚೂರು ಹತ್ತಿ ತುರುಕಿ ಕಳಿಸಿದರು. ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುವವರು ಲೋಕದಲ್ಲಿ ಎಷ್ಟೋ ಜನ. ಆದರೆ ನಾನು ಮನೆಯ ಹೊಸ್ತಿಲಿಗೆ ಬರುವುದೇ ತಡ, ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಸುನಂದಾ ಮೊರ ಕೆಳಗಿಟ್ಟು ಎದ್ದು ನಿಂತಳು.

“ಮೊದಲ ಅದನ್ನ ತಗೀರಿ.”

“ಔಷಧ ಹಾಕ್ಯಾರ. ಸೋರತೈತಿ.”

“ಸೋರಲಿ. ಹತ್ತಿ ಇಟ್ಕೊಂಡು ಒಳಗ ಬರಬ್ಯಾಡ್ರಿ.”

ನಾನು ಹತ್ತಿ ತೆಗೆದು ಬೇಲಿಯಾಚೆ ಒಗೆದೆ. ಔಷಧ ಕುತ್ತಿಗೆಗುಂಟ ಇಳಿದು ಅಂಗಿಯ ಕಾಲರು ಹಳದಿಯಾಯಿತು. ನಿಮಗಿದು ವಿಚಿತ್ರ ಅನ್ನಿಸಬಹುದು. ಆದರೆ ಆ ಮಹಾತಾಯಿ ತನ್ನ ಗಂಡ ಒಮ್ಮೆ ಎರಡೂ ಕಿವಿಗೆ, ಎರಡೂ ಮೂಗಿನ ಹೊಳ್ಳೆಗೆ ಹತ್ತಿ ಇಟ್ಟುಕೊಂಡು, ಹಣೆತುಂಬ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರದಲ್ಲಿ ಮುಳುಗಿ ಕೂತದ್ದನ್ನು ಕಣ್ಣಾರೆ ಕಂಡಿದ್ದಾಳೆ. ಹೌದು, ನಾನು ಒಂದು ಮಧ್ಯಾಹ್ನ ಹೆಣವಾಗಿದ್ದೆ. ಅದೂ ಗೋಕಾಕದ ಬಜಾರದ ನಡುವೆ, ಊರ ಜನರೆಲ್ಲ ನೋಡುತ್ತಿರುವಾಗ.

ಅದಕ್ಕೆ ಕಾರಣ ಸರಕಾರ. ನಗಬೇಡಿ, ಖರೆ ಹೇಳುತ್ತಿದ್ದೇನೆ. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ದೊಡ್ಡ ಊರಿನ ಶಾಲೆಗೆ ಸೇರಿಸುವ ಧೋರಣೆಯೊಂದು ಬಂದಿತ್ತು. ಕಾಗದದ ಮೇಲೆ ಓದಿದರೆ ಚೆನ್ನಾಗಿಯೇ ಇತ್ತು. ದೊಡ್ಡ ಕಟ್ಟಡ, ವಿಷಯಕ್ಕೊಬ್ಬ ಮಾಸ್ತರು, ಕಂಪ್ಯೂಟರು. ಆದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಊರೊಳಗೆ ಎಷ್ಟು ಜನರೋ ತೋಟಗಳಲ್ಲಿಯೂ ಅಷ್ಟೇ ಜನ. ಹೊಲದಲ್ಲೇ ಮನೆ ಕಟ್ಟಿಕೊಂಡ ನಾಲ್ಕಾರು ಅಣ್ಣತಮ್ಮಂದಿರ ಗುಂಪು, ಅದಕ್ಕೊಂದು ಮನೆತನದ ಹೆಸರು, ಅದರ ನಡುವೆ ಒಂದೇ ಕೋಣೆಯ ಶಾಲೆ. ಅದನ್ನು ಎಲ್ಲರೂ ‘ತೋಟದ ಸಾಲಿ’ ಅನ್ನುತ್ತಾರೆ. ಅದು ಮುಚ್ಚಿದರೆ ಐದು ವರ್ಷದ ಕೂಸು ಕಬ್ಬಿನ ನಡುವಿನ ದಾರಿ ಹಿಡಿದು, ಕಾಲುವೆ ಏರಿ, ಹಳ್ಳ ಇಳಿದು ಪರವೂರಿಗೆ ಹೋಗಬೇಕು.

ನಾನೂ ತೋಟದ ಸಾಲಿಯ ಸರಕೇ. ತುಕ್ಕಾನಟ್ಟಿ ಕಡೆಯ ಒಂದು ತೋಟದಲ್ಲಿ ಗೋಣಿಚೀಲದ ಮೇಲೆ ಕೂತು ಅಕ್ಷರ ಕಲಿತವನು. ಮಳೆಗಾಲ ಮುಗಿಯುವ ಹೊತ್ತಿಗೆ ಸುತ್ತಲಿನ ಕಬ್ಬು ಶಾಲೆಯ ಕಿಟಕಿಗಿಂತ ಎತ್ತರ ಬೆಳೆದು, ಹಗಲಲ್ಲೇ ಒಳಗೆ ಹಸಿರು ಕತ್ತಲೆ ಕವಿಯುತ್ತಿತ್ತು. ಗಾಳಿ ಬೀಸಿದರೆ ಹೊರಗೆ ಯಾರೋ ಬಹಳ ಜನ ಪಿಸುಗುಟ್ಟಿದಂತೆ ಕೇಳುತ್ತಿತ್ತು. ಒಂದು ದಿನ ಮಾಸ್ತರರು ಹಾಜರಿ ಕರೆಯುತ್ತ ‘ಈರಪ್ಪ’ ಅಂದರು. ಈರಪ್ಪನ ಜಾಗ ಖಾಲಿ ಇತ್ತು. ಒಂದು ಕ್ಷಣ ಬಿಟ್ಟು ಕಬ್ಬಿನೊಳಗಿಂದ ‘ಹಾಜರ್ರೀ’ ಎಂದು ಸಣ್ಣ ದನಿ ಬಂತು. ಮಾಸ್ತರರ ಕೈಯಲ್ಲಿದ್ದ ಸೀಸಕಡ್ಡಿ ಜಾರಿ ಬಿತ್ತು. ತಡವಾಗಿ ಬರುತ್ತಿದ್ದ ಈರಪ್ಪ ದಾರಿಯಿಂದಲೇ ಓಗೊಟ್ಟಿದ್ದ, ಅಷ್ಟೇ. ಆದರೆ ಅವನು ಎಲೆ ಸರಿಸಿಕೊಂಡು ಬಾಗಿಲಲ್ಲಿ ಕಾಣಿಸುವವರೆಗೆ ನಾವ್ಯಾರೂ ಉಸಿರಾಡಿರಲಿಲ್ಲ.

ಆಗ ನಮ್ಮ ಮುಖ್ಯ ಆಟ ಹೆಣದಾಟ. ಸತ್ತ ಕಪ್ಪೆಯನ್ನು ಮುತ್ತಲ ಎಲೆಯ ಮೇಲಿಟ್ಟು, ಡಬ್ಬಿ ಬಾರಿಸುತ್ತ, ಬಾಯಿ ಬಡಿದುಕೊಳ್ಳುತ್ತ ಮಣ್ಣು ಮಾಡಲು ಒಯ್ಯುತ್ತಿದ್ದೆವು. ಕಪ್ಪೆ ಸಿಗದ ದಿನ ನಾನೇ ಕಪ್ಪೆ. ಮೈ ಸಡಿಲ ಬಿಟ್ಟು ಕಣ್ಣು ಮುಚ್ಚುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಅವ್ವ ನೋಡಿ ಕಸಬರಿಗೆ ಹಿಡಿದು ಬಂದಳು. “ಆಡಿದ್ದ ಆಕ್ಕೈತಿ, ಮುಟ್ಟಿದ್ದ ಹತ್ತತೈತಿ” ಎಂದು ಬೈದಳು. ಅಂದಿಗೆ ಹೆಣದಾಟ ನಿಂತಿತು. ಬದುಕಿನಲ್ಲಿ ನನಗಿದ್ದ ಒಂದೇ ಪ್ರತಿಭೆ ಹೀಗೆ ಮಣ್ಣುಪಾಲಾಯಿತು.

ಮುಂದೆ ನಾನು ಘಟಪ್ರಭಾದಲ್ಲಿ ಪಾಟಿ, ಪುಸ್ತಕ, ಕಂಪಾಸು ಮಾರುವ ಅಂಗಡಿ ಇಟ್ಟೆ. ಕಬ್ಬಿನೊಳಗಿಂದ ಓಗೊಟ್ಟ ಈರಪ್ಪ ಒಕ್ಕಲುತನದಲ್ಲೇ ಉಳಿದು, ತೋಟದ ಶಾಲೆಯ ಪಾಲಕರ ಮುಖಂಡನಾದ. ಶಾಲೆ ಮುಚ್ಚುವ ಸುದ್ದಿ ಬಂದಾಗ ಮೂರೂ ತಾಲೂಕು ಅಲೆದು ಜನ ಕೂಡಿಸಿದವನು ಅವನೇ. ಗೋಕಾಕದಲ್ಲಿ ದೊಡ್ಡ ಮೆರವಣಿಗೆ ಮಾಡುವುದು, ತೋಟದ ಸಾಲಿ ಸತ್ತಿತೆಂದು ಅದರ ಅಣಕು ಹೆಣ ಹೊತ್ತು ಬಜಾರದಲ್ಲಿ ತಿರುಗಿ, ಶಿಕ್ಷಣ ಇಲಾಖೆಯ ಕಚೇರಿಯ ಮುಂದೆ ಇಳಿಸುವುದು ಎಂದು ನಿಕ್ಕಿಯಾಯಿತು. ನಾನು ತನು ಮನದಿಂದ ಬೆಂಬಲಿಸಿದೆ. ಶಾಲೆಗಳು ಮುಚ್ಚಿದರೆ ನನ್ನ ಪಾಟಿ ಕೊಳ್ಳುವವರು ಯಾರು, ಹೇಳಿ?

ಹುಲ್ಲು ತುಂಬಿ, ಹಳೆಯ ಅಂಗಿ ತೊಡಿಸಿ ಒಂದು ಹೆಣ ತಯಾರಾಗಿತ್ತು. ಮೆರವಣಿಗೆಯ ದಿನ ಮುಂಜಾನೆ ನೋಡಿದರೆ ಈರಪ್ಪನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಹೆಣದ ಹೊಟ್ಟೆಯನ್ನೂ ಒಂದು ಕಾಲನ್ನೂ ತಿಂದು ಮುಗಿಸಿ, ಶಾಂತವಾಗಿ ಮೆಲುಕು ಹಾಕುತ್ತ ನಿಂತಿತ್ತು. ಗೋಕಾಕದ ಮೈದಾನದಲ್ಲಿ ಜನ ಆಗಲೇ ನೆರೆದಿದ್ದರು. ಹೊಸ ಹೆಣ ಮಾಡುವಷ್ಟು ಹೊತ್ತಿರಲಿಲ್ಲ. ಈರಪ್ಪ ಸುತ್ತಲೂ ನೋಡಿದ. ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು.

“ಶಿವ್ಯಾ, ನೀ ಕುಂಡ್ರು.”

“ನಾ ಯಾಕಲೇ?”

“ನಿನಗ ರೂಢಿ ಐತಿ. ಸಣ್ಣಾಂವಿದ್ದಾಗ ನೀನ ಹೆಣ ಆಕ್ಕಿದ್ದಿ. ಮತ್ತ ಈಗೂ ದಿನಾ ಅಂಗಡ್ಯಾಗ ಹಂಗ ಕುಂತಿರತಿ.”

ನಮ್ಮ ಕಡೆ ಬಸವಣ್ಣನ ಮತದವರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಮಂಟಪ ಕಟ್ಟಿ, ಅದರೊಳಗೆ ಪದ್ಮಾಸನದಲ್ಲಿ ಕೂಡ್ರಿಸಿ, ಬಾಳೆಕಂದು ಹೂವುಗಳಿಂದ ಸಿಂಗರಿಸಿ ಹೆಗಲ ಮೇಲೆ ಹೊರುತ್ತಾರೆ. ಅದಕ್ಕೆ ವಿಮಾನ ಎಂದೇ ಹೆಸರು. ಖರೆ ವಿಮಾನ ಹತ್ತುವ ಯೋಗ ನನಗೆ ಇನ್ನೂ ಬಂದಿಲ್ಲ, ಇದನ್ನು ಮಾತ್ರ ಹತ್ತಿದೆ. ಯಾರೋ ವಿಭೂತಿ ಬಳಿದರು. ಯಾರೋ ತಲೆ ಜೋಲದಂತೆ ಹಣೆಗೆ ಬಟ್ಟೆ ಕಟ್ಟಿ ಹಿಂದಿನ ಬಿದಿರಿಗೆ ಬಿಗಿದರು. ‘ತೋಟದ ಸಾಲಿ’ ಎಂದು ಬರೆದ ಪಾಟಿಯನ್ನು, ಅದೂ ನನ್ನ ಅಂಗಡಿಯದೇ, ಎದೆಗೆ ತೂಗುಹಾಕಿದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಹಾರ ಹಾಕುತ್ತ ಹೋದದ್ದರಿಂದ ಪಾಟಿ ಪೂರ್ತಿ ಮುಚ್ಚಿಹೋಯಿತು. ಅದು ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಈರಪ್ಪ ಹತ್ತಿಯ ಉಂಡೆ ತಂದ.

“ಉಸರಾಡಾಕ ಬರೂ ಹಂಗ ಇಡಲೇ,” ಅಂದೆ.

“ಹೆಣ ಮಾತಾಡಬಾರದು,” ಅಂದ.

ಭಜನಾ ಮೇಳದ ಹಿರಿಯರಿಗೆ ಮಾತ್ರ ಇದು ಹಿಡಿಸಿರಲಿಲ್ಲ. “ಬದುಕಿದ್ದಾಂವನ ಮುಂದ ಖರೇ ಮಣ್ಣಿನ ಪದ ಹಾಡೂದಿಲ್ಲ ನಾವು. ದಿನಾ ಹಾಡೂ ಪದ ಎರಡ ಹಾಡತೇವಿ,” ಎಂದು ಮೊದಲೇ ಹೇಳಿಬಿಟ್ಟಿದ್ದರು. ಆ ಮಾತು ಹತ್ತಿಯ ಆಚೆಯಿಂದ, ನೀರಿನೊಳಗಿಂದ ಬಂದಂತೆ ಕೇಳಿಸಿತು. ಕಣ್ಣು ಮುಚ್ಚಿದೆ. ವಿಮಾನ ಎದ್ದಿತು.

ಮೊದಮೊದಲು ಎಲ್ಲವೂ ಮಜವಾಗಿತ್ತು. ಹಲಗೆಯ ಸದ್ದು, ಘೋಷಣೆ, ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಲೇ “ನಮ್ಮ ಸಾಲಿ ಹೋತಲ್ಲವ್ವೋ” ಎಂದು ಎದೆ ಬಡಿದುಕೊಳ್ಳುವುದು. ಮೂಗಿನ ಮೇಲೆ ನೊಣ ಕೂತಾಗ ನನಗೂ ನಗು ತಡೆಯುವುದು ಕಷ್ಟವಾಯಿತು. ಬಜಾರದೊಳಗೆ ಹೊಕ್ಕ ಮೇಲೆ ಒಂದು ಸದ್ದು ಕೇಳಿಸತೊಡಗಿತು. ಗರ್ರ್... ಸ್ವಲ್ಪ ಮುಂದೆ ಮತ್ತೆ ಗರ್ರ್... ಏನೆಂದು ತಿಳಿಯಲು ಹೊತ್ತು ಹಿಡಿಯಿತು. ನಮ್ಮ ಕಡೆ ಹೆಣ ಬಂದರೆ ಅಂಗಡಿಯವರು ಅರ್ಧ ಷಟರ್ ಇಳಿಸುತ್ತಾರೆ. ಪಾಟಿ ಹಾರದಡಿ ಮುಚ್ಚಿತ್ತಲ್ಲ, ನಾನು ಬರುತ್ತಿದ್ದಂತೆ ಒಂದಾದ ಮೇಲೊಂದು ಅಂಗಡಿ ನನಗಾಗಿ ಬಾಗಿಲು ಇಳಿಸುತ್ತಿತ್ತು. ನಾನೂ ಎಷ್ಟೋ ಸಲ ಹಾಗೆ ಇಳಿಸಿದ್ದೇನೆ. ಇಳಿಸುವವನಿಗೆ ಅದೊಂದು ಸಣ್ಣ ಸದ್ದು. ವಿಮಾನದಲ್ಲಿ ಕೂತವನಿಗೆ ಹಾಗಲ್ಲ. ಊರು ತನ್ನ ರೆಪ್ಪೆಗಳನ್ನು ಒಂದೊಂದಾಗಿ ಮುಚ್ಚಿದಂತೆ ಕೇಳಿಸುತ್ತದೆ.

ಹೆಣದ ಮೇಲೆ ತೂರುವ ಚುರಮುರಿ ಮುಖಕ್ಕೆ ಬಂದು ಬಡಿಯತೊಡಗಿತು. ನಮ್ಮವರು ಎರಚಿದ್ದಲ್ಲ, ಬದಿಯಿಂದ ಬರುತ್ತಿತ್ತು. “ಯಾರ್ರೀ ತೀರ್ಕೊಂಡವರು?” ಎಂದು ಒಂದು ದನಿ. “ಯಾರೋ ಮಾಸ್ತರಂತ,” ಎಂದು ಇನ್ನೊಂದು. “ಪಾಪ, ಇನ್ನೂ ಹೋಗೂ ವಯಸ್ಸಲ್ಲ.” “ಕುಡೀತಿದ್ನಂತ ತಗೋ.” ಎದ್ದು ಬೈಯಬೇಕೆನಿಸಿತು. ಹೆಣಕ್ಕೆ ಅದೊಂದು ಅನುಕೂಲವಿಲ್ಲ.

ಆಗ ಭಜನೆ ಬದಲಾದದ್ದು ಗಮನಕ್ಕೆ ಬಂತು. ತಾಳ ನಿಧಾನವಾಗಿತ್ತು. ಹಾಡುವುದಿಲ್ಲ ಎಂದು ಹಿರಿಯರು ಹೇಳಿದ್ದರಲ್ಲ, ಅದೇ ಪದ. ನನ್ನ ಅಪ್ಪನನ್ನು ಒಯ್ಯುವಾಗ ಹಾಡಿದ್ದ ಪದ. ಆಮೇಲೆ ಅವರನ್ನು ಕೇಳಿದರೆ, “ಯಾವಾಗ ಹಿಡದ್ವೋ ನಮಗೂ ತಿಳೀಲಿಲ್ಲ, ಹೆಗಲ ಮ್ಯಾಲ ವಿಮಾನ ಕಂಡ ಕೂಡ್ಲೆ ಬಾಯಿ ತಾನ ಆ ಕಡೆ ಹೋತು,” ಎಂದು ತಲೆ ತಗ್ಗಿಸಿದರು. ಹೆಣ್ಣುಮಕ್ಕಳ ನಗು ನಿಂತಿತ್ತು. ಅವರ ಅಳುವಿನಲ್ಲಿ ಈಗ ಮೂಗು ಸೀಟುವ ಸದ್ದಿತ್ತು. ಯಾರ್ಯಾರಿಗೆ ಯಾರ್ಯಾರು ನೆನಪಾಗಿದ್ದರೋ. ನನ್ನ ಕಾಲು ಯಾವಾಗಲೋ ಜೋಮು ಹಿಡಿದು ಇಲ್ಲದಂತಾಗಿದ್ದವು. ಈಗ ಕೈಯೂ ತಿಳಿಯಲಿಲ್ಲ. ಕಿರುಬೆರಳು ಎತ್ತಿ ನೋಡೋಣ ಎಂದುಕೊಂಡೆ. ಎತ್ತಿದೆನೋ ಇಲ್ಲವೋ ಗೊತ್ತಾಗಲಿಲ್ಲ. ಹಣೆಗೆ ಬಿಗಿದ ಬಟ್ಟೆಯಿಂದ ತಲೆ ಅಲುಗುವಂತಿರಲಿಲ್ಲ. ಅವ್ವ ಅಂದಿದ್ದು ನೆನಪಾಯಿತು. ಆಡಿದ್ದ ಆಕ್ಕೈತಿ.

ಮುಂದೆ ಒಂದು ದವಾಖಾನೆ. ಅದರ ಎದುರು ಬಾರಿಸಬಾರದೆಂದು ಪೊಲೀಸರು ಹೇಳಿದ್ದರು. ಹಲಗೆ, ಭಜನೆ, ಘೋಷಣೆ ಎಲ್ಲ ಒಮ್ಮೆಲೇ ನಿಂತವು. ಬರೀ ಕಾಲುಗಳ ಸದ್ದು. ಹೆಗಲು ಬದಲಿಸಲೆಂದು ಹೊತ್ತವರು ಗೋಡೆಯ ಪಕ್ಕದ ನೆರಳಿನಲ್ಲಿ ವಿಮಾನ ಇಳಿಸಿದರು. “ನೀರ ಕುಡದ ಬರತೇವಿ,” ಎಂದು ಯಾರೋ ಅಂದರು. ಮೆರವಣಿಗೆಯ ಮುಂಭಾಗ ಹಾಗೇ ಸಾಗುತ್ತಿತ್ತು. ಕಾಲಸಪ್ಪಳವೂ ದೂರವಾಯಿತು. ಕಣ್ಣು ತೆರೆದು ಒಮ್ಮೆ ನೋಡಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ನನ್ನ ಮೊಣಕಾಲ ಮೇಲೆ ಒಂದು ಕೈ ಬಂತು.

ಒಣಗಿದ, ಹಗುರವಾದ ಕೈ. ಗಾಜಿನ ಬಳೆಗಳ ಸಣ್ಣ ಸದ್ದು. ತಂಬಾಕಿನ ವಾಸನೆ ಮುಖದ ಹತ್ತಿರ ಬಂತು. ಬಲಗಿವಿಯ ಹತ್ತಿಯನ್ನು ಯಾರೋ ಮೆಲ್ಲಗೆ, ನಿದ್ದೆಯಲ್ಲಿದ್ದ ಕೂಸಿಗೆ ಮಾಡುವಂತೆ, ತೆಗೆದರು. ಹೊರಗಿನ ಲೋಕದ ಸದ್ದು ಒಮ್ಮೆಲೇ ಸ್ವಚ್ಛವಾಗಿ ಒಳಗೆ ಬಂತು. ಕಾಗೆ, ದೂರದ ಬಸ್ಸು, ಮತ್ತೆ ಒಂದು ಮುದಿದನಿ.

“ತಮ್ಮಾ, ಹೊಂಟಿದ್ದೀಯಲಾ, ನಂದೊಂದ ಮಾತ ಮುಟ್ಟಸು. ನಮ್ಮ ಕಸ್ತೂರಿ ಅಲ್ಲೇ ಅದಾಳ. ಹಳ್ಳ ದಾಟಬ್ಯಾಡ ಅಂತ ಹೇಳು. ಈಚಿ ದಂಡಿ ಕಟ್ಟಿ ಮ್ಯಾಲ ಕುಂಡ್ರು, ಅವ್ವ ಕರಿಯಾಕ ಬರತಾಳ ಅನ್ನು. ಮರೀಬ್ಯಾಡ.”

ಹತ್ತಿ ಮತ್ತೆ ಕಿವಿಯೊಳಗೆ ಬಂತು. ಮೊಣಕಾಲ ಮೇಲಿನ ಭಾರ ಹೋಯಿತು.

ಕಣ್ಣು ತೆರೆಯಬೇಕಿತ್ತು. ‘ಯವ್ವಾ, ನಾ ಬದುಕೇನಿ’ ಅನ್ನಬೇಕಿತ್ತು. ಹೆದರಿ ಆ ಮುದುಕಿಯ ಎದೆ ಒಡೆದರೆ ಎಂಬ ಅಂಜಿಕೆ ಒಂದು. ಇನ್ನೊಂದು ಹೇಳಿದರೆ ನಂಬುತ್ತೀರೋ ಇಲ್ಲವೋ. ಕಣ್ಣು ತೆರೆಯಲು ನೋಡಿದೆ, ರೆಪ್ಪೆ ಏಳಲಿಲ್ಲ.

ಕಚೇರಿಯ ಎದುರು ವಿಮಾನ ಇಳಿಸಿದರು. ಈರಪ್ಪ ಗಂಟಲು ಹರಿಯುವಂತೆ ಭಾಷಣ ಮಾಡಿದ. ಮನವಿ ತೆಗೆದುಕೊಳ್ಳಲು ಹೊರಗೆ ಬಂದ ಸಾಹೇಬರು ನನ್ನನ್ನು ನೋಡಿ, ತಮಗೇ ಗೊತ್ತಿಲ್ಲದಂತೆ ಕಾಲಲ್ಲಿದ್ದ ಬೂಟು ಬಿಚ್ಚಿ ನಿಂತರಂತೆ. ಆಮೇಲೆ ನಾನು ಏಳಬೇಕಾದ ಹೊತ್ತು ಬಂತು. ಈರಪ್ಪ ಹಣೆಯ ಬಟ್ಟೆ ಬಿಚ್ಚಿ “ಏಳಲೇ ಶಿವ್ಯಾ, ಮುಗೀತು” ಅಂದ. ನಾನು ಏಳಲಿಲ್ಲ. ಮತ್ತೊಮ್ಮೆ ಅಂದ. ಅವನ ದನಿ ಬದಲಾಯಿತು. “ಶಿವ್ಯಾ... ಏ ಶಿವ್ಯಾ!” ಮೂಗಿನ ಹತ್ತಿ ಕಿತ್ತು ಕೆನ್ನೆಗೆ ಬಾರಿಸಿದ. ಆಗ ಉಸಿರು ಜೋರಾಗಿ ಒಳಗೆ ನುಗ್ಗಿ ನಾನು ಕಣ್ಣು ಬಿಟ್ಟೆ. ಜನ ಚಪ್ಪಾಳೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಹೊಡೆಯಲಿಲ್ಲ. ಮುಂದೆ ನಿಂತಿದ್ದ ಹೆಣ್ಣುಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು. ಮೆರವಣಿಗೆಗೆ ಬಂದಿದ್ದ ಸುನಂದಾ ಅವರ ನಡುವೆ ಇದ್ದಳು. ಅವಳೂ ಸರಿದಿದ್ದಳು.

“ನಮ್ಮಲ್ಲಿ ಸೂತಕ ಇಲ್ಲ” ಎಂದು ಅಪ್ಪ ಸಾಯುವತನಕ ಎದೆ ತಟ್ಟಿ ಹೇಳುತ್ತಿದ್ದ. ಮನೆಯ ಬಾಗಿಲಲ್ಲಿ ತಡೆದ ಸುನಂದಾಗೆ ಅದನ್ನು ನೆನಪಿಸಿದೆ. “ಇಲ್ಲ ಖರೆ. ಆದರೂ ಹಿತ್ತಲ ಬಾಗಲಿಂದ ಬರ್ರಿ,” ಅಂದಳು. ಬಿಸಿನೀರು ಹಾಕಿದಳು, ಊಟಕ್ಕೆ ಬಡಿಸಿದಳು, ಎಲ್ಲ ಎಂದಿನಂತೆ. ಆದರೆ ನಾನು ಸುಮ್ಮನೆ ಕೂತರೆ ಒಳಗಿನಿಂದ ಬಂದು ಇಣುಕುತ್ತಿದ್ದಳು. “ಏನರ ಮಾತಾಡ್ರಿ” ಅನ್ನುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಮಾತಾಡಲೆಂದು ಅವಳು ಬಯಸಿದ್ದು ಅದೇ ಮೊದಲು. ವಿಮಾನದಲ್ಲಿ ಕೂತ ನನ್ನ ಚಿತ್ರ ಎಲ್ಲರ ಮೊಬೈಲುಗಳಲ್ಲಿ ಓಡಾಡಿತು. ಕಲ್ಲೋಳಿಯಲ್ಲಿರುವ ದೂರದ ಬೀಗರೊಬ್ಬರು ಅವಳಿಗೆ ಫೋನು ಮಾಡಿ, ಮಣ್ಣಿಗೆ ಬರಲಾಗಲಿಲ್ಲ, ಸಿಟ್ಟಾಗಬೇಡ ಎಂದು ಅತ್ತರು. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು “ಹಲೋ” ಅಂದೆ. ಆ ಕಡೆ ಕಟ್ ಆಯಿತು.

ಇವೆಲ್ಲ ನಗುವ ಮಾತು. ಕಿವಿಯೊಳಗೆ ಉಳಿದ ಆ ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. ಈರಪ್ಪನನ್ನು ಕೇಳಿದೆ. ಅವನು ವಿಮಾನ ಹೊತ್ತವರನ್ನು ಕೇಳಿ ಬಂದು ಹೇಳಿದ:

“ಅಲ್ಲಿ ಯಾವ ಮುದುಕೀನೂ ಬಂದಿಲ್ಲಂತ. ಅವರು ನಳದ ಹತ್ರಾನ ಇದ್ರು, ಅಲ್ಲಿಂದ ನೀ ಕಾಣತಿದ್ದಿ. ನಿನಗ ಜೋಂಪ ಹತ್ತಿ ಕನಸ ಬಿದ್ದಿರಬೇಕು.”

ಇರಬಹುದು ಎಂದುಕೊಂಡೆ. ಆದರೆ ಕನಸಿಗೆ ತಂಬಾಕಿನ ವಾಸನೆ ಇರುತ್ತದೆಯೇ? ಸುನಂದಾಗೆ ಹೇಳಿದೆ. ಅವಳು ಕನಸು ಅನ್ನಲಿಲ್ಲ. “ಆಕಿ ನಿಮ್ಮನ್ನ ಸತ್ತಾರಂತ ತಿಳದಾಳ. ಇಲ್ಲ ಅಂತ ಹೋಗಿ ಹೇಳಿ ಬರ್ರಿ. ಯಾರದೋ ಮಾತ ಹಿಂಗ ಹೊತಗೊಂಡ ತಿರಗಬಾರದು,” ಅಂದಳು.

ಅಷ್ಟರಲ್ಲಿ ಶಾಲೆ ಮುಚ್ಚುವ ಧೋರಣೆಗೆ ಸದ್ಯಕ್ಕೆ ತಡೆ ಬಿತ್ತು. ನಮ್ಮ ಮೆರವಣಿಗೆಯಿಂದಲೋ, ಬೇರೆ ಊರುಗಳಲ್ಲೂ ಜನ ಎದ್ದದ್ದರಿಂದಲೋ, ಯಾರು ಬಲ್ಲರು? ಈರಪ್ಪ ಪೇಡೆ ಹಂಚಿದ. ಮಾಸ್ತರರು ಮತ್ತೆ ನನ್ನ ಅಂಗಡಿಗೆ ಸೀಮೆಸುಣ್ಣ ಕೊಳ್ಳಲು ಬರತೊಡಗಿದರು. ಬಂದವರನ್ನೆಲ್ಲ ನಾನು ಒಂದೇ ಮಾತು ಕೇಳುತ್ತಿದ್ದೆ: ಹಳ್ಳದ ದಂಡೆಯ ಯಾವುದಾದರೂ ತೋಟದಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳೇ? ಒಂದು ದಿನ ಹುಕ್ಕೇರಿ ಕಡೆಯ ಮಾಸ್ತರರೊಬ್ಬರು ಸೀಮೆಸುಣ್ಣದ ಡಬ್ಬಿ ಕೆಳಗಿಟ್ಟು ನನ್ನ ಮುಖ ನೋಡಿದರು.

“ನಿಮಗ್ಯಾರು ಹೇಳಿದ್ರು ಆ ಹೆಸರ? ಆ ತೋಟದ ಸಾಲಿ ಎಷ್ಟೋ ವರ್ಷದ ಹಿಂದನ ಮುಚ್ಚೇತ್ರಿ. ಹುಡುಗೂರು ಇಲ್ಲ ಅಂತ ಮುಚ್ಚಿ, ಇದ್ದಷ್ಟು ಹುಡುಗೂರನ್ನ ಹಳ್ಳದ ಆಚಿ ಊರಿಗಿ ಕಳಿಸಿದ್ರು. ಮಳಿಗಾಲದಾಗ ಒಂದ ಹುಡುಗಿ ಹರದ ಹೋತು. ಅದರ ಹೆಸರ ಕಸ್ತೂರಿ. ಅವರವ್ವ ನೀಲವ್ವ ಇನ್ನೂ ಅದಾಳ. ಸುತ್ತ ಎಲ್ಲಿ ಮಣ್ಣಿದ್ರೂ ಹೋಗತಾಳ. ಹೆಣದ ಕಿವ್ಯಾಗ ಏನೋ ಹೇಳಿ ಬರತಾಳ. ಮಂದಿ ಸುಮ್ಮಕ ಬಿಡತಾರ.”

ಮರುದಿನ ಅಂಗಡಿ ಮುಚ್ಚಿ ಮೋಟಾರ್ ಸೈಕಲ್ ಹತ್ತಿದೆ. ಬಿಸಿಲಿನ ಹೊತ್ತು. ಎರಡೂ ಕಡೆ ಕಬ್ಬು. ಹಳ್ಳಕ್ಕೆ ಈಗ ಸಣ್ಣದೊಂದು ಸೇತುವೆಯಾಗಿದೆ. ಅದನ್ನು ದಾಟಿದ ಕೂಡಲೇ, ತೋಟದ ಕಡೆಯ ದಂಡೆಗೆ, ಜಾಲಿಯ ಗಿಡದ ಕೆಳಗೆ ಕಲ್ಲಿನ ಹಳೆಯ ಕಟ್ಟೆಯೊಂದು ಕಂಡಿತು. ಅಲ್ಲಿಂದ ಸ್ವಲ್ಪ ಮುಂದೆ, ಕಬ್ಬಿನ ನಡುವೆ ಹಾಳುಬಿದ್ದ ಒಂದು ಕೋಣೆ, ಬಾಗಿಲಿಲ್ಲ, ಗೋಡೆಯ ಮೇಲೆ ಮಾಸಿದ ಅ ಆ ಇ ಈ. ಅದರ ಹಿಂದೆ ನೀಲವ್ವನ ಮನೆ. ಅವಳು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಗಾಡಿಯ ಸದ್ದಿಗೆ ತಲೆಯೆತ್ತಿ ನೋಡಿ, ಮತ್ತೆ ಸುಲಿಯತೊಡಗಿದಳು.

“ಬಾ ತಮ್ಮಾ. ಬಂದಿ?”

ನನ್ನ ಕಾಲು ಅಲ್ಲೇ ನಿಂತವು. “ಯವ್ವಾ, ನನ್ನ ಗುರತ ಹಿಡದ್ರ್ಯಾ?”

“ಹಣಿಮ್ಯಾಲ ವಿಭೂತಿ ಇಲ್ಲ, ಅಷ್ಟ. ಮಾರಿ ಅದ ಐತಿ. ಕುಂಡ್ರು.”

ನಾನು ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಒಪ್ಪಿಸಿದೆ. “ನಾ ಸತ್ತಿರಲಿಲ್ರಿ ಯವ್ವಾ. ಅದು ಸಾಲಿ ಮುಚ್ಚಬಾರದು ಅಂತ ನಾವ ಮಾಡಿದ್ದ ಸೋಗು. ನೀವು ತಪ್ಪ ತಿಳದೀರಿ ಅಂತ ಹೇಳಾಕ ಬಂದೇನಿ.”

“ಗೊತ್ತಿತ್ತು. ಮೂಗಿನ ಹತ್ತಿ ಅಲಗಾಡತಿತ್ತು.”

“ಮತ್ತ... ನನ್ನ ಕಿವ್ಯಾಗ ಯಾಕ ಹೇಳಿದ್ರಿ?”

ಅವಳು ಒಂದು ಕಾಯಿ ಒಡೆದು, ಬೀಜವನ್ನು ಬುಟ್ಟಿಗೆ ಹಾಕಿದಳು.

“ಖರೇ ಸತ್ತವರ ಕಿವ್ಯಾಗ ಭಾಳ ಹೇಳೇನಿ ತಮ್ಮಾ. ಒಯ್ದವರು ಒಯ್ದರು. ಮುಟ್ಟಿತೋ ಇಲ್ಲೋ, ಹೇಳಾಕ ಒಬ್ಬರರ ತಿರಗಿ ಬಂದಾರ? ನೀ ಹೋಗಿ ಬರಾಂವ. ಅದಕ್ಕ ನಿನಗ ಹೇಳಿದೆ.” ಅವಳ ಕೈ ನಿಂತಿತು. ಮೊದಲ ಸಲ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು. “ಏನಂದ್ಲು?”

ಕಬ್ಬಿನಲ್ಲಿ ಗಾಳಿ ಆಡುತ್ತಿತ್ತು. ನಾನು ಬಂದದ್ದು ಸುಳ್ಳನ್ನು ಬಿಡಿಸಲು. ಆದರೆ ಆ ಮುಖದ ಎದುರು ‘ನಾ ಎಲ್ಲೂ ಹೋಗಿಲ್ಲ’ ಎನ್ನುವ ಗಟ್ಟಿತನ ನನ್ನಲ್ಲಿರಲಿಲ್ಲ.

“ಆತು ಅಂದ್ಲರಿ,” ಅಂದೆ.

“ಕಟ್ಟಿ ಮ್ಯಾಲ ಕುಂತಾಳ?”

“ಕುಂತಾಳ್ರಿ.”

ಅವಳ ಎದೆಯಿಂದ ಉದ್ದನೆ ಉಸಿರು ಹೊರಬಂತು. ಭುಜ ಇಳಿದವು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದೆ ಕೂಡ. ಆದರೆ ನನ್ನ ಬಾಯಿಂದ ಇನ್ನೊಂದು ಮಾತು ಹೊರಟಿತು. “ಒಂದ ಜಡಿ ಬಿಚ್ಚಿತ್ತು.”

ಯಾಕೆ ಅಂದೆನೋ ಇಂದಿಗೂ ತಿಳಿಯದು. ಅಂಗಡಿಗೆ ದಿನಾ ಶಾಲೆಯ ಹುಡುಗಿಯರು ಬರುತ್ತಾರೆ. ಸಂಜೆ ಹೊತ್ತಿಗೆ ಯಾರದಾದರೂ ಒಂದು ಜಡೆ ಬಿಚ್ಚಿ ಜೋಲುತ್ತಿರುತ್ತದೆ. ಅದನ್ನು ಕಂಡು ಕಂಡು ನಾಲಿಗೆಗೆ ಬಂದಿರಬೇಕು. ಆಮೇಲೆ ಸುನಂದಾಗೂ ಹಾಗೇ ಹೇಳಿದೆ. ಅವಳು ಬಹಳ ಬೇಗ ಹೌದು ಹೌದು ಅಂದಳು.

ನೀಲವ್ವ ಬಾಯಿಯ ಮೇಲೆ ಸೆರಗು ಒತ್ತಿಕೊಂಡಳು.

“ಇದನ್ನ ನಾ ಯಾರ ಮುಂದೂ ಹೇಳಿಲ್ಲ,” ಅಂದಳು. “ಅವತ್ತ ಬಲಕಿನ ಜಡಿ ಹಾಕಿದ್ದೆ. ಎಡಕಿಂದ ಹಾಕೂದ್ರಾಗ ಒಲಿ ಮ್ಯಾಲ ಹಾಲ ಉಕ್ಕಿತು. ಇರು ಬಂದೆ ಅಂದೆ. ಅಷ್ಟ್ರಾಗ ದಾರಿ ಮ್ಯಾಲ ಹುಡುಗೂರ ಕರದ್ವು, ಹಂಗ ಓಡಿದ್ಲು.” ಅವಳು ಕೂತಲ್ಲೇ ನನ್ನಿಂದ ಸ್ವಲ್ಪ ದೂರ ಸರಿದಳು. “ಹಂಗಾರ ನೀ ಖರೇನ ಹೋಗಿದ್ದಿ.”

ಇಲ್ಲ ಎನ್ನಲು ಬಾಯಿ ತೆರೆದೆ. ಇಲ್ಲ ಎಂದು ನನಗೇ ಅಷ್ಟು ಖಾತ್ರಿ ಇರಲಿಲ್ಲ.

ಅವಳು ಒಳಗೆ ಹೋಗಿ ಚಹಾ ಮಾಡಿ ತಂದಳು. ಕೈಗೆ ಕೊಡಲಿಲ್ಲ, ಕಲ್ಲಿನ ಮೇಲಿಟ್ಟಳು. ನಾನು ಕುಡಿದು ಎದ್ದಾಗ, “ನಿಮ್ಮ ಸಾಲಿ ಉಳೀತೇನ?” ಎಂದು ಕೇಳಿದಳು.

“ಈ ವರ್ಷ ಉಳದೈತ್ರಿ.”

“ಬಿಡಬ್ಯಾಡ್ರಿ. ಮತ್ತ ಮೆರವಣಗಿ ಹೊಂಡ್ರಿ, ಮುಂದಿನ ಸಲ ನಾನೂ ಬರತೇನಿ,” ಅಂದಳು.

ವಾಪಸು ಬರುವಾಗ ಹಳ್ಳದ ಹತ್ತಿರ ಗಾಡಿಯ ವೇಗ ತಾನೇ ಇಳಿಯಿತು. ಕಟ್ಟೆಯ ಕಡೆ ನೋಡಬಾರದು ಎಂದುಕೊಂಡೇ ಬಂದಿದ್ದೆ. ನೋಡಲಿಲ್ಲ. ಆದರೆ ಮುಟ್ಟಿಸಿದೆ ಎಂದು ಹೇಳಿ ಬಂದ ಮಾತು ಇನ್ನೂ ನನ್ನಲ್ಲೇ ಇತ್ತು. ಸೇತುವೆ ಹತ್ತುವ ಮುಂಚೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಹಳ್ಳದಲ್ಲಿ ನೀರು ತೆಳ್ಳಗೆ ಹರಿಯುತ್ತಿತ್ತು. ಹಿಂದೆ ಮುಂದೆ ಯಾರೂ ಇರಲಿಲ್ಲ. ಮುಖವನ್ನು ನೀರಿನ ಕಡೆಗೇ ಇಟ್ಟುಕೊಂಡು, ನಮ್ಮ ಮನೆಯ ಕೂಸಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದೆ:

“ಕಸ್ತೂರೀ, ದಾಟಬ್ಯಾಡವಾ. ಅಲ್ಲೇ ಕುಂಡ್ರು. ಅವ್ವ ಬರತಾಳ.”

ಹೇಳಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಗಾಡಿಯನ್ನು ಚಾಲೂ ಮಾಡದೆ, ಸದ್ದಾಗದಂತೆ ತಳ್ಳಿಕೊಂಡೇ ಸೇತುವೆ ದಾಟಿದೆ.